ಜಂತಿನ ಔಷಧಿ ಕುಡಿಸಿದರೂ ಕುರಿ ಸೊರಗುತ್ತಿದ್ದರೆ: ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಮಳೆಗಾಲದ ನಡುವೆ ಪಶು ಆಸ್ಪತ್ರೆಗೆ ಬರುವ ದೂರುಗಳಲ್ಲಿ ಒಂದು ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿರುತ್ತದೆ: "ಔಷಧಿ ಕುಡಿಸಿ ಹದಿನೈದು ದಿನ ಆಯ್ತು ಡಾಕ್ಟ್ರೇ, ಗದ್ದದ ಬಾವು ಇಳಿದಿಲ್ಲ, ನಿನ್ನೆ ಇನ್ನೊಂದು ಮರಿ ಹೋಯ್ತು." ಇಷ್ಟು ಹೇಳುವ ಹೊತ್ತಿಗೆ ಕುರಿಗಾಹಿ ಔಷಧದ ಅಂಗಡಿಗೆ ಹೋಗಿ ಬೇರೆ ಬಣ್ಣದ ಇನ್ನೊಂದು ಬಾಟಲಿಯನ್ನು ತಂದಾಗಿರುತ್ತದೆ, ಮತ್ತು ಆ ಬಾಟಲಿಯೂ ಮೊದಲಿನ ಔಷಧದ ಗುಂಪಿಗೇ ಸೇರಿದ್ದಾಗಿರುತ್ತದೆ. ಹುಳುಗಳು ಔಷಧಕ್ಕೆ ಬಗ್ಗದಂತಾಗಿವೆ, ಅಂದರೆ ಪ್ರತಿರೋಧ ಬೆಳೆಸಿಕೊಂಡಿವೆ ಎಂಬುದು ನಿಜವಿರಬಹುದು. ಆದರೆ ಅದು ಪರಿಶೀಲನೆಯ ಕೊನೆಗೆ ಸಿಗಬೇಕಾದ ತೀರ್ಮಾನವೇ ಹೊರತು ಹೊರಡುವಾಗಲೇ ಕೈಯಲ್ಲಿ ಹಿಡಿದು ಹೊರಡಬೇಕಾದದ್ದಲ್ಲ. ಖರ್ಚಿಲ್ಲದೆ, ದೊಡ್ಡಿಯಲ್ಲೇ ನಿಂತು ನೋಡಬಹುದಾದ ಕಾರಣಗಳನ್ನು ಮೊದಲು ತಳ್ಳಿಹಾಕಿ, ಪ್ರಯೋಗಾಲಯ ಬೇಕಾಗುವ ಕಾರಣಗಳಿಗೆ ಆಮೇಲೆ ಬರುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದೆ. ಕ್ಷೇತ್ರದಲ್ಲಿ ಕೆಲಸ ಮಾಡುವ ಪಶುವೈದ್ಯರು, ಪಶುವೈದ್ಯಕೀಯ ಪರೀಕ್ಷಕರು ಮತ್ತು ಲೆಕ್ಕ ಬರೆದಿಡುವ ಅಭ್ಯಾಸವಿರುವ ಸಾಕಣೆದಾರರು ಇದನ್ನು ಬಳಸಬಹುದು.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ಅವುಗಳ ಹೊಟ್ಟೆಯ ಜಂತುಗಳಲ್ಲಿ ಹೆಚ್ಚು ಪ್ರಾಣ ತೆಗೆಯುವುದು ಹೀಮಾಂಕಸ್ ಕಂಟಾರ್ಟಸ್. ಅದು ನಾಲ್ಕನೆಯ ಹೊಟ್ಟೆಯಲ್ಲಿ, ಅಂದರೆ ಅಬೊಮೇಸಮ್‌ನಲ್ಲಿ ನೆಲೆಸಿ ರಕ್ತ ಹೀರುತ್ತದೆ. ಹೆಣ್ಣು ಹುಳುವಿನ ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಸುತ್ತಿಕೊಂಡಿರುವುದರಿಂದ ಅದು ಕೆಂಪು ಬಿಳಿ ಹುರಿ ಹೊಸೆದಂತೆ ಕಾಣುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತವನ್ನು ನಷ್ಟಮಾಡುತ್ತದೆ ಎಂಬ ಅಂದಾಜನ್ನು ಇಟ್ಟುಕೊಂಡರೆ, ಎರಡು ಸಾವಿರ ಹುಳುಗಳಿರುವ ಕುರಿ ದಿನಕ್ಕೆ ನೂರು ಮಿಲಿಲೀಟರ್ ಕಳೆದುಕೊಳ್ಳುತ್ತದೆ. 25 ಕಿಲೋ ತೂಕದ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಈ ಲೆಕ್ಕ ಮನಸ್ಸಿನಲ್ಲಿದ್ದರೆ, ಚೆನ್ನಾಗಿ ಮೇಯುತ್ತಿದ್ದ ಕುರಿ ಭೇದಿಯೂ ಇಲ್ಲದೆ ಏಕೆ ತಟ್ಟನೆ ಬೀಳುತ್ತದೆ ಎಂಬುದು ಅರ್ಥವಾಗುತ್ತದೆ.

ದೂರು ನಿಜಕ್ಕೂ ಈ ಹುಳುವಿನದೇ?

ಮೊದಲು ಗಮನಿಸಬೇಕಾದದ್ದು ಕಾಲ. ಔಷಧ ಹುಳುವನ್ನು ಒಂದೆರಡು ದಿನಗಳಲ್ಲಿ ಕೊಲ್ಲಬಹುದು, ಆದರೆ ಹೋದ ರಕ್ತ ಮತ್ತು ಅದರೊಂದಿಗೆ ಹೋದ ಪ್ರೋಟೀನು ಮರಳಿ ತುಂಬಲು ವಾರಗಳು ಬೇಕು. ಗದ್ದದ ಕೆಳಗೆ ನೀರು ತುಂಬಿಕೊಳ್ಳುವುದು ರಕ್ತದ ಪ್ರೋಟೀನು ಇಳಿದದ್ದರಿಂದಲೇ ಆದ್ದರಿಂದ, ಮೇವು ಬಡವಾಗಿರುವ ಹಿಂಡಿನಲ್ಲಿ ಹುಳುಗಳೆಲ್ಲ ಸತ್ತ ಮೇಲೂ ಬಾವು ಕೆಲವು ದಿನ ಉಳಿಯಬಹುದು, ಕಣ್ಣಿನ ಒಳಪೊರೆ ಇನ್ನೂ ಹೆಚ್ಚು ದಿನ ಬಿಳಿಚಿಕೊಂಡೇ ಇರಬಹುದು. ಲಕ್ಷಣ ಉಳಿದಿದೆ ಎಂಬ ಒಂದೇ ಕಾರಣದಿಂದ ಔಷಧ ಸೋತಿದೆ ಎನ್ನಲಾಗದು.

ಎರಡನೆಯದಾಗಿ, ಬಾವು ಮತ್ತು ರಕ್ತಹೀನತೆ ಹೀಮಾಂಕಸ್‌ನ ಸ್ವತ್ತಲ್ಲ. ಕೆರೆಯಂಗಳದಲ್ಲಿ, ಗದ್ದೆಯ ಬದುಗಳಲ್ಲಿ, ನಾಲೆಯ ಅಂಚಿನಲ್ಲಿ ಮೇಯುವ ಹಿಂಡಿನಲ್ಲಿ ಬಸವನಹುಳುವಿನ ಮೂಲಕ ಹರಡುವ ಯಕೃತ್ತಿನ ಚಪ್ಪಟೆ ಹುಳು ಫ್ಯಾಸಿಯೋಲಾ ಜೈಗಾಂಟಿಕಾ ಕೂಡ ಇದೇ ಚಿತ್ರವನ್ನು ಕೊಡುತ್ತದೆ. ಮೆಲುಕುಹೊಟ್ಟೆಯ ಆಂಫಿಸ್ಟೋಮ್ ಹುಳುಗಳ ಎಳೆಯ ಹಂತಗಳು ಸಣ್ಣ ಕರುಳಿನಲ್ಲಿರುವಾಗ ಭೇದಿಯೊಂದಿಗೆ ಬಾವನ್ನೂ ತರುತ್ತವೆ. ಇಲ್ಲಿ ಐವರ್‌ಮೆಕ್ಟಿನ್ ಅಥವಾ ಲೆವಾಮಿಸೋಲ್ ಕೊಟ್ಟು ಗುಣ ಕಾಣಲಿಲ್ಲವೆಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಏಕೆಂದರೆ ಆ ಔಷಧಗಳು ಚಪ್ಪಟೆ ಹುಳುಗಳ ಮೇಲೆ ಕೆಲಸ ಮಾಡುವುದೇ ಇಲ್ಲ. ಆಲ್ಬೆಂಡಜೋಲ್ ಬಲಿತ ಯಕೃತ್ ಹುಳುವನ್ನು, ಅದೂ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಮಾತ್ರ ಮುಟ್ಟುತ್ತದೆ. ಎಳೆಯ ಹಂತಗಳನ್ನು ಕೊಲ್ಲುವ ಟ್ರೈಕ್ಲಾಬೆಂಡಜೋಲ್ ಹೀಮಾಂಕಸ್‌ನಂತಹ ದುಂಡು ಹುಳುಗಳಿಗೆ ಏನೂ ಮಾಡುವುದಿಲ್ಲ. ಉಣ್ಣಿ ಹರಡುವ ರಕ್ತದ ಪರೋಪಜೀವಿಗಳು, ಮೈತುಂಬ ಹೇನು, ಇವನ್ನೂ ಕಣ್ಣಿನಿಂದ ಮತ್ತು ರಕ್ತದ ಲೇಪನದಿಂದ ತಳ್ಳಿಹಾಕಬೇಕು.

ಈ ಹಂತದಲ್ಲಿ ಅತ್ಯಂತ ಅಗ್ಗದ ಮತ್ತು ಅತ್ಯಂತ ಖಚಿತವಾದ ಪರೀಕ್ಷೆ ಸತ್ತ ಕುರಿಯ ಹೊಟ್ಟೆಯನ್ನು ತೆರೆದು ನೋಡುವುದು. ನಾಲ್ಕನೆಯ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಒಳಗಿನದನ್ನು ಬಕೆಟ್ಟಿನಲ್ಲಿ ತೊಳೆದು, ಕಪ್ಪು ಹಿನ್ನೆಲೆಯ ಮೇಲೆ ಹರಡಿದರೆ ಎರಡರಿಂದ ಮೂರು ಸೆಂಟಿಮೀಟರ್ ಉದ್ದದ ಹೆಣ್ಣು ಹುಳುಗಳು ಬರಿಗಣ್ಣಿಗೇ ಕಾಣುತ್ತವೆ. ಇದನ್ನು ಸತ್ತ ಕೆಲವೇ ಗಂಟೆಗಳೊಳಗೆ ಮಾಡಬೇಕು. ಬಿಸಿಲಿನಲ್ಲಿ ಅರ್ಧ ದಿನ ಬಿದ್ದಿದ್ದ ಹೆಣದಲ್ಲಿ ಹುಳುಗಳು ಕೊಳೆತುಹೋಗಿ "ಹುಳುವೇ ಇರಲಿಲ್ಲ" ಎಂಬ ತಪ್ಪು ವರದಿ ಹುಟ್ಟುತ್ತದೆ. ಅದೇ ಕೈಯಲ್ಲಿ ಯಕೃತ್ತನ್ನೂ ಸೀಳಿ ಪಿತ್ತನಾಳಗಳನ್ನು ಒತ್ತಿ ನೋಡಿದರೆ ಚಪ್ಪಟೆ ಹುಳುವಿನ ಪ್ರಶ್ನೆಯೂ ಅಲ್ಲೇ ಮುಗಿಯುತ್ತದೆ. ಔಷಧ ಕುಡಿಸಿ ಒಂದು ವಾರವಾದ ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ನೂರಾರು ಹುಳುಗಳು ಹೊರಳಾಡುತ್ತಿರುವುದು ಕಂಡರೆ, ಮುಂದಿನ ಹಂತಕ್ಕೆ ಹೋಗಲು ಅಷ್ಟು ಸಾಕು.

ಔಷಧಿ ಹುಳುವಿನವರೆಗೆ ತಲುಪಿತೇ?

ಪ್ರತಿರೋಧವೆಂದು ಕಳುಹಿಸಿದ ಪ್ರಕರಣಗಳನ್ನು ಬಿಡಿಸುತ್ತ ಹೋದಾಗ ದೋಷ ಹೆಚ್ಚಾಗಿ ಅಡಗಿರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಕುರಿಗಾಹಿಯನ್ನು "ಎಷ್ಟು ಕುಡಿಸಿದಿರಿ?" ಎಂದು ಕೇಳಿದರೆ ಉತ್ತರ ಸಿಗುತ್ತದೆ, "ಯಾವುದರಲ್ಲಿ ಅಳೆದಿರಿ, ಕುರಿಯ ತೂಕ ಹೇಗೆ ಗೊತ್ತಾಯಿತು?" ಎಂದು ಕೇಳಿದಾಗ ನಿಜ ಹೊರಬರುತ್ತದೆ.

ತೂಕದಿಂದ ಆರಂಭಿಸೋಣ. ಶೇಕಡ 2.5ರ ಆಲ್ಬೆಂಡಜೋಲ್ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 25 ಮಿಲಿಗ್ರಾಂ ಔಷಧವಿರುತ್ತದೆ. ದುಂಡು ಹುಳುಗಳಿಗೆ ಕಿಲೋಗೆ 5 ಮಿಲಿಗ್ರಾಂನಂತೆ 30 ಕಿಲೋ ಕುರಿಗೆ 150 ಮಿಲಿಗ್ರಾಂ, ಅಂದರೆ 6 ಮಿಲಿಲೀಟರ್ ಬೇಕು. ಹಿಂಡಿನ ಸರಾಸರಿ ತೂಕ 30 ಕಿಲೋ ಎಂದು ಅಂದಾಜಿಸಿ ಎಲ್ಲಕ್ಕೂ 6 ಮಿಲಿಲೀಟರ್ ಕುಡಿಸಿದರೆ, 40 ಕಿಲೋ ತೂಗುವ ಕುರಿಗೆ ಕಿಲೋಗೆ 3.75 ಮಿಲಿಗ್ರಾಂ ಮಾತ್ರ ಸಿಕ್ಕಿರುತ್ತದೆ. ಹಾಗಾಗಿ ಅರ್ಧ ಹಿಂಡಿಗೆ ಕಡಿಮೆ ಔಷಧ ಬೀಳುವುದು ಸರಾಸರಿ ಲೆಕ್ಕದ ಸಹಜ ಪರಿಣಾಮ. ಹಿಂಡನ್ನು ಮರಿ, ಕುರಿ, ಟಗರು ಎಂದು ಗುಂಪು ಮಾಡಿ, ಪ್ರತಿ ಗುಂಪಿನ ಅತ್ಯಂತ ಭಾರದ ಪ್ರಾಣಿಯನ್ನು ತೂಗಿ, ಆ ತೂಕಕ್ಕೆ ತಕ್ಕಂತೆ ಇಡೀ ಗುಂಪಿಗೆ ಕುಡಿಸುವುದು ಸರಿಯಾದ ರೂಢಿ. ಸುರಕ್ಷತೆಯ ಅಂಚು ಕಿರಿದಾಗಿರುವ ಲೆವಾಮಿಸೋಲ್ ಮತ್ತು ಹೆಚ್ಚಾದರೆ ದೃಷ್ಟಿಯನ್ನೇ ಕಳೆಯಬಲ್ಲ ಕ್ಲೋಸಾಂಟೆಲ್ ವಿಷಯದಲ್ಲಿ ಮಾತ್ರ ಗುಂಪುಗಳನ್ನು ಇನ್ನಷ್ಟು ಚಿಕ್ಕದಾಗಿ, ತೂಕದ ಅಂತರ ಕಡಿಮೆಯಿರುವಂತೆ ವಿಂಗಡಿಸಬೇಕು.

ಮೇಕೆಗಳಿದ್ದರೆ ಪ್ರಶ್ನೆ ಬೇರೆ. ಮೇಕೆಯ ದೇಹ ಈ ಔಷಧಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ, ಆದ್ದರಿಂದ ಕುರಿಯ ಪ್ರಮಾಣ ಮೇಕೆಗೆ ಸಾಲುವುದಿಲ್ಲ. ಆಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್‌ಗಳನ್ನು ಸಾಮಾನ್ಯವಾಗಿ ದುಪ್ಪಟ್ಟು, ಅಂದರೆ ಕಿಲೋಗೆ 10 ಮಿಲಿಗ್ರಾಂ ಕೊಡುತ್ತಾರೆ. ಲೆವಾಮಿಸೋಲ್ ಕುರಿಗೆ 7.5 ಆದರೆ ಮೇಕೆಗೆ 12 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಲ್ಲ. ಕುರಿ ಮೇಕೆ ಬೆರೆತಿರುವ ಹಿಂಡಿನಲ್ಲಿ ಎಲ್ಲಕ್ಕೂ ಒಂದೇ ಅಳತೆ ಕುಡಿಸಿದಾಗ ಮೇಕೆಗಳಲ್ಲಿ ಉಳಿದ ಹುಳುಗಳೇ ಮುಂದೆ ಇಡೀ ಹಿಂಡಿಗೆ ಪ್ರತಿರೋಧದ ಬೀಜವಾಗುತ್ತವೆ.

ಅಳೆಯುವ ಸಾಧನವನ್ನೂ ನಂಬಬಾರದು. ಔಷಧ ಕುಡಿಸುವ ಡ್ರೆಂಚಿಂಗ್ ಗನ್ನನ್ನು 6 ಮಿಲಿಲೀಟರಿಗೆ ಹೊಂದಿಸಿ, ಹತ್ತು ಬಾರಿ ಅಳತೆಯ ಜಾರಿನೊಳಗೆ ಒತ್ತಿದರೆ 60 ಮಿಲಿಲೀಟರ್ ಬರಬೇಕು. ವಾಷರ್ ಸವೆದ ಗನ್ನಿನಲ್ಲಿ 48 ಬಂದರೆ ಪ್ರತಿ ಕುರಿಗೂ ಐದರಲ್ಲೊಂದು ಭಾಗ ಕಡಿಮೆ ಬಿದ್ದಿದೆ ಎಂದರ್ಥ. ದ್ರಾವಣಗಳಲ್ಲಿ ಹಲವು ನಿಜಕ್ಕೂ ತೇಲುಕಣಗಳ ಮಿಶ್ರಣ. ಬಾಟಲಿಯನ್ನು ಅಲುಗಾಡಿಸದೆ ಬಳಸಿದರೆ ಮೊದಲ ಇಪ್ಪತ್ತು ಕುರಿಗಳಿಗೆ ತೆಳುನೀರು, ಕೊನೆಯ ಐದಕ್ಕೆ ಗಟ್ಟಿ ಔಷಧ. ತಯಾರಿಕೆಯ ದಿನಾಂಕ, ಬಿಸಿಲಿನಲ್ಲಿಟ್ಟ ಇತಿಹಾಸ, ಬಾಟಲಿ ತೆರೆದು ಎಷ್ಟು ದಿನವಾಯಿತು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.

ಕುಡಿಸುವ ಕೈಯ ವಿಚಾರ ಸಣ್ಣದೆಂದು ಕಾಣುತ್ತದೆ, ಆದರೆ ಸಣ್ಣದಲ್ಲ. ಔಷಧವನ್ನು ನಾಲಿಗೆಯ ಹಿಂಭಾಗದ ಮೇಲೆ ಬಿಡಬೇಕು. ಬಾಯಿಯ ಮುಂಭಾಗದಲ್ಲಿ ಸುರಿದರೆ ಅನ್ನನಾಳದ ಕೆಳಗಿನ ತೋಡು ಮುಚ್ಚಿಕೊಂಡು ಔಷಧ ಮೆಲುಕುಹೊಟ್ಟೆಯನ್ನು ತಪ್ಪಿಸಿ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿದುಬಿಡಬಹುದು. ಹುಳು ಇರುವುದೇ ಅಲ್ಲಿ ಎಂದಮೇಲೆ ಅದು ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್‌ಗಳು ಸೇರಿದ ಬೆಂಜಿಮಿಡಜೋಲ್ ಗುಂಪಿನ ಔಷಧ ಕೆಲಸ ಮಾಡಲು ಬೇಕಾಗಿರುವುದು ದೀರ್ಘಕಾಲದ ಸಂಪರ್ಕ. ಮೆಲುಕುಹೊಟ್ಟೆ ಅದಕ್ಕೆ ಉಗ್ರಾಣವಿದ್ದಂತೆ. ಅಲ್ಲಿಂದ ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾದಾಗ ಹುಳು ಸಾಯುತ್ತದೆ, ಒಮ್ಮೆಲೇ ಹರಿದುಹೋದರೆ ಪಾರಾಗುತ್ತದೆ. ಇದೇ ಕಾರಣಕ್ಕೆ ಹಿಂದಿನ ರಾತ್ರಿ ಮೇವು ತಡೆದು ಬೆಳಿಗ್ಗೆ ಕುಡಿಸಿದರೆ ಈ ಗುಂಪಿನ ಔಷಧಗಳ ಫಲ ಹೆಚ್ಚುತ್ತದೆ, ಏಕೆಂದರೆ ಹೊಟ್ಟೆಯ ಹರಿವು ಆಗ ನಿಧಾನ. ತುಂಬು ಗಬ್ಬದ ಕುರಿಗಳನ್ನು ಮಾತ್ರ ಹೀಗೆ ಉಪವಾಸ ಕೆಡವಬಾರದು. ಗಬ್ಬದ ಮೊದಲ ತಿಂಗಳಿನಲ್ಲಿ ಆಲ್ಬೆಂಡಜೋಲನ್ನೇ ಕೊಡಬಾರದು.

ಇನ್ನು ಹೆಸರುಗಳ ಗೊಂದಲ. ಆಲ್ಬೆಂಡಜೋಲ್ ಕೆಲಸ ಮಾಡಲಿಲ್ಲವೆಂದು ಫೆನ್‌ಬೆಂಡಜೋಲ್ ತಂದರೆ, ಅದೂ ಆಗಲಿಲ್ಲವೆಂದು ಆಕ್ಸ್‌ಫೆಂಡಜೋಲ್ ತಂದರೆ ಔಷಧ ಬದಲಾಗಿಲ್ಲ, ಚೀಟಿ ಬದಲಾಗಿದೆ; ಮೂರೂ ಹುಳುವಿನ ಟ್ಯೂಬ್ಯುಲಿನ್ ಎಂಬ ಒಂದೇ ಪ್ರೋಟೀನಿಗೆ ಅಂಟಿಕೊಳ್ಳುವಂಥವು. ಲೆವಾಮಿಸೋಲ್ ಮತ್ತು ಮೊರಾಂಟೆಲ್ ಇನ್ನೊಂದು ಬಗೆ. ಐವರ್‌ಮೆಕ್ಟಿನ್, ಡೊರಾಮೆಕ್ಟಿನ್, ಮಾಕ್ಸಿಡೆಕ್ಟಿನ್ ಮತ್ತೊಂದು ಗುಂಪು. ಕ್ಲೋಸಾಂಟೆಲ್ ಮತ್ತು ರಾಫಾಕ್ಸನೈಡ್ ರಕ್ತದ ಪ್ರೋಟೀನಿಗೆ ಅಂಟಿಕೊಂಡು ಉಳಿಯುವುದರಿಂದ ರಕ್ತ ಹೀರುವ ಹುಳುಗಳಿಗೆ ಮಾತ್ರ ತಾಗುತ್ತವೆ. ಬಾಟಲಿಯ ಮೇಲಿನ ದೊಡ್ಡಕ್ಷರದ ಹೆಸರನ್ನು ಬಿಟ್ಟು, ಹಿಂಬದಿಯ ಸಣ್ಣಕ್ಷರದ ಹೆಸರನ್ನು ದಾಖಲೆಯಲ್ಲಿ ಬರೆಯುವುದನ್ನು ರೂಢಿಸಿಕೊಂಡರೆ ಕಳೆದ ಮೂರು ವರ್ಷ ಹಿಂಡಿಗೆ ಬಿದ್ದದ್ದು ಒಂದೇ ಔಷಧವೆಂಬುದು ಅನೇಕ ಬಾರಿ ಗೊತ್ತಾಗುತ್ತದೆ.

ಎಣಿಕೆಯೇ ಸುಳ್ಳು ಹೇಳುತ್ತಿದೆಯೇ?

ಔಷಧಕ್ಕೆ ಮೊದಲು ಮತ್ತು ನಂತರ ಹಿಕ್ಕೆಯಲ್ಲಿರುವ ಮೊಟ್ಟೆಗಳನ್ನು ಎಣಿಸಿ ಹೋಲಿಸುವುದು ಈ ರೋಗನಿರ್ಣಯದ ಬೆನ್ನೆಲುಬು. ಗಾರ್ಡನ್ ಮತ್ತು ವಿಟ್ಲಾಕ್ 1939ರಲ್ಲಿ ಆಸ್ಟ್ರೇಲಿಯದಲ್ಲಿ ಪ್ರಕಟಿಸಿದ ಮ್ಯಾಕ್‌ಮಾಸ್ಟರ್ ವಿಧಾನವನ್ನೇ ಇಂದಿಗೂ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಬಳಸುತ್ತೇವೆ. 4 ಗ್ರಾಂ ಹಿಕ್ಕೆಯನ್ನು 56 ಮಿಲಿಲೀಟರ್ ಉಪ್ಪಿನ ಸಂತೃಪ್ತ ದ್ರಾವಣದಲ್ಲಿ ಕಲಕಿ ಸೋಸಿ, ತಲಾ 0.15 ಮಿಲಿಲೀಟರ್ ಹಿಡಿಯುವ ಎರಡು ಕೋಣೆಗಳನ್ನು ತುಂಬಿ, ತೇಲಿಬಂದ ಮೊಟ್ಟೆಗಳನ್ನು ಎಣಿಸಿ 50ರಿಂದ ಗುಣಿಸಿದರೆ ಗ್ರಾಂ ಹಿಕ್ಕೆಗೆ ಇಷ್ಟು ಮೊಟ್ಟೆ ಎಂಬ ಅಂಕಿ ಸಿಗುತ್ತದೆ. ವಿಧಾನ ಸರಳ, ಆದರೆ ಅದು ತಪ್ಪು ಹೇಳುವ ದಾರಿಗಳೂ ಸಾಕಷ್ಟಿವೆ.

ಮಾದರಿಯನ್ನು ಗುದದ್ವಾರದಿಂದಲೇ ತೆಗೆಯಬೇಕು, ನೆಲದಿಂದ ಆಯ್ದರೆ ಯಾವ ಕುರಿಯದೆಂಬುದೂ ತಿಳಿಯದು, ಎಷ್ಟು ಹೊತ್ತಿನದೆಂಬುದೂ ತಿಳಿಯದು. ನಮ್ಮ ಸೆಕೆಯಲ್ಲಿ ಮೊಟ್ಟೆ ಒಂದು ದಿನದಲ್ಲೇ ಒಡೆದು ಮರಿಹುಳು ಹೊರಬರಬಹುದು, ಆಗ ಎಣಿಕೆ ಇಳಿದು ಔಷಧ ಗೆದ್ದಂತೆ ಕಾಣುತ್ತದೆ. ಬ್ಯಾಗನ್ನು ಗಾಳಿಯಿಲ್ಲದಂತೆ ಹಿಂಡಿ ಕಟ್ಟಿ ತಂಪುಪೆಟ್ಟಿಗೆಯಲ್ಲಿ ತರುವುದು ಎಣಿಕೆಗೆ ಒಳ್ಳೆಯದು. ಆದರೆ ಅದೇ ಮಾದರಿಯಿಂದ ಮರಿಹುಳು ಬೆಳೆಸಿ ಜಾತಿ ಗುರುತಿಸುವ ಉದ್ದೇಶವಿದ್ದರೆ ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಡಬಾರದು, ಏಕೆಂದರೆ ಹೀಮಾಂಕಸ್‌ನ ಮೊಟ್ಟೆ ಚಳಿಗೆ ಸೂಕ್ಷ್ಮ. ಅದು ಸತ್ತು ಬೇರೆ ಜಾತಿಗಳು ಉಳಿದರೆ, ಔಷಧ ಹೀಮಾಂಕಸ್ಸನ್ನು ನಿರ್ಮೂಲಮಾಡಿತೆಂಬ ಸುಂದರವಾದ ಸುಳ್ಳು ವರದಿ ಸಿದ್ಧವಾಗುತ್ತದೆ. ಉಪ್ಪಿನ ದ್ರಾವಣದ ಸಾಂದ್ರತೆ 1.2 ಇದೆಯೇ ಎಂದು ಹೈಡ್ರೋಮೀಟರಿನಿಂದ ನೋಡಬೇಕು. ಹಾಗೆ ನೋಡಿದರೂ ಯಕೃತ್ ಹುಳುವಿನ ಮತ್ತು ಆಂಫಿಸ್ಟೋಮಿನ ಭಾರದ ಮೊಟ್ಟೆಗಳು ಆ ದ್ರಾವಣದಲ್ಲಿ ತೇಲುವುದಿಲ್ಲ, ಅವಕ್ಕೆ ನೀರಿನಲ್ಲಿ ತಳಕ್ಕೆ ಕೂರಿಸುವ ವಿಧಾನವೇ ಬೇಕು. ಯಕೃತ್ ಹುಳು ಮೊಟ್ಟೆಯಿಡಲು ತಿಂಗಳುಗಳೇ ಬೇಕಾಗುವುದರಿಂದ, ಹಿಕ್ಕೆಯಲ್ಲಿ ಮೊಟ್ಟೆಯಿಲ್ಲದ ಮಾತ್ರಕ್ಕೆ ಅದು ಇಲ್ಲವೆಂದೂ ಹೇಳಲಾಗದು.

ಎರಡನೆಯ ಮಾದರಿಯ ದಿನ ಯಾವುದೆಂಬುದರಲ್ಲಿ ಆಗುವ ತಪ್ಪು ಇವೆಲ್ಲಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಎರಡೂ ದಿಕ್ಕಿನಲ್ಲಿ ಮೋಸಮಾಡುತ್ತದೆ. ಬೆಂಜಿಮಿಡಜೋಲ್ ಮತ್ತು ಐವರ್‌ಮೆಕ್ಟಿನ್ ಗುಂಪಿನ ಔಷಧಗಳು ಸಾಯದ ಹುಳುವಿನ ಮೊಟ್ಟೆಯಿಡುವಿಕೆಯನ್ನೂ ಕೆಲವು ದಿನ ತಡೆದಿಡುತ್ತವೆ. ನಾಲ್ಕನೆಯ ದಿನ ಎಣಿಸಿದವನಿಗೆ ಸೊನ್ನೆ ಕಾಣುತ್ತದೆ, ಹುಳು ಮಾತ್ರ ಒಳಗೆ ಕುಳಿತೇ ಇರುತ್ತದೆ. ಲೆವಾಮಿಸೋಲ್‌ನದು ತಿರುಗುಮುರುಗು: ಅದು ಬಲಿತ ಹುಳುವನ್ನು ಕೊಂದರೂ ಎಳೆಯ ಹಂತಗಳನ್ನು ಪೂರ್ತಿ ಮುಟ್ಟುವುದಿಲ್ಲ, ಹದಿನಾಲ್ಕನೆಯ ದಿನದ ಹೊತ್ತಿಗೆ ಆ ಎಳೆಯವು ಬಲಿತು ಮೊಟ್ಟೆಯಿಡುವುದರಿಂದ ಕೆಲಸ ಮಾಡಿದ ಔಷಧವೂ ಸೋತಂತೆ ತೋರುತ್ತದೆ. ಆದ್ದರಿಂದ ಲೆವಾಮಿಸೋಲ್ ಕೊಟ್ಟಿದ್ದರೆ 3ರಿಂದ 7, ಬೆಂಜಿಮಿಡಜೋಲ್ ಆದರೆ 8ರಿಂದ 10, ಐವರ್‌ಮೆಕ್ಟಿನ್ ಗುಂಪಾದರೆ 14ರಿಂದ 17 ದಿನಗಳಲ್ಲಿ ಎರಡನೆಯ ಮಾದರಿ ತೆಗೆಯುವುದು ಒಪ್ಪಿತ ಕ್ರಮ. ಮೂರನ್ನೂ ಒಂದೇ ಭೇಟಿಯಲ್ಲಿ ಮುಗಿಸಲೇಬೇಕಾದರೆ ಹದಿನಾಲ್ಕನೆಯ ದಿನವನ್ನು ಆರಿಸಿಕೊಂಡು, ಲೆವಾಮಿಸೋಲ್ ಗುಂಪಿನ ಫಲಿತಾಂಶವನ್ನು ಅನುಮಾನದಿಂದಲೇ ಓದಬೇಕು.

ಹೊಸ ಸೋಂಕೋ, ಉಳಿದ ಹುಳುವೋ

ಮೇವಿನೊಂದಿಗೆ ಒಳಹೋದ ಮರಿಹುಳು ಬಲಿತು ಮೊಟ್ಟೆಯಿಡಲು ಸುಮಾರು ಮೂರು ವಾರ ಬೇಕು. ಈ ಒಂದು ಅಂಕಿಯಿಂದಲೇ ಬಹಳಷ್ಟು ಬಿಡಿಸಬಹುದು. ಔಷಧದ ನಂತರ ಎರಡನೆಯ ವಾರದಲ್ಲಿ ಕಂಡ ಮೊಟ್ಟೆ ಹೊಸ ಸೋಂಕಿನದಾಗಿರಲು ಸಾಧ್ಯವಿಲ್ಲ. ಐದನೆಯ ವಾರದಲ್ಲಿ ಮಾತ್ರ ಕಂಡದ್ದಾದರೆ ಅದು ಔಷಧದ ತಪ್ಪಾಗಿರಬೇಕಿಲ್ಲ, ಹುಲ್ಲುಗಾವಲಿನ ತಪ್ಪಾಗಿರಬಹುದು. ಮಳೆಗಾಲದ ಬಿಸಿಯಲ್ಲಿ ಮೊಟ್ಟೆ ಸೋಂಕು ತಗಲಿಸುವ ಮರಿಹುಳುವಾಗಲು ವಾರದೊಳಗೇ ಸಾಕು, ಮತ್ತು ಒಂದು ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆಯಿಡುತ್ತದೆ. ಊರ ಗೋಮಾಳದಲ್ಲಿ ಹತ್ತು ಹಿಂಡು ಮೇಯುವಲ್ಲಿ ಒಬ್ಬನೇ ಔಷಧ ಕುಡಿಸಿದರೆ, ಅವನ ಕುರಿಗಳು ಅದೇ ದಿನ ಸಂಜೆಯಿಂದ ನೆರೆಯವನ ಹುಳುಗಳನ್ನು ಮೇಯಲಾರಂಭಿಸುತ್ತವೆ. ಇಬ್ಬನಿ ಆರುವ ಮೊದಲು ಹಿಂಡು ಬಿಡಬೇಡಿರೆಂದು ಹಿರಿಯ ಕುರಿಗಾಹಿಗಳು ಹೇಳುವ ಮಾತಿಗೆ ಇಲ್ಲಿ ಸರಿಯಾದ ಆಧಾರವಿದೆ: ಮರಿಹುಳು ಹುಲ್ಲಿನ ಮೇಲೆ ಹತ್ತುವುದು ತೇವದ ಪದರದ ಮೂಲಕವೇ.

ಪ್ರತಿರೋಧವೆಂದು ಬರೆಯುವ ಮುನ್ನ

ಮೇಲಿನ ಎಲ್ಲವನ್ನೂ ತಳ್ಳಿಹಾಕಿದ ಮೇಲೆ, ಪಶುವೈದ್ಯರು ತಮ್ಮ ಕೈಯಿಂದಲೇ, ತೂಗಿ, ಪರೀಕ್ಷಿಸಿದ ಗನ್ನಿನಿಂದ, ಅವಧಿ ಮೀರದ ಔಷಧವನ್ನು ಕುಡಿಸಿ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಹಿಂದಿನ ಎಂಟು ವಾರಗಳಲ್ಲಿ ಔಷಧ ಬೀಳದ, ಮೂರರಿಂದ ಆರು ತಿಂಗಳ ಮರಿಗಳಾದರೆ ಉತ್ತಮ. ಗುಂಪಿಗೆ ಹತ್ತಕ್ಕೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ ಹದಿನೈದು. ಔಷಧ ಕೊಡದ ಒಂದು ಗುಂಪನ್ನೂ ಇಟ್ಟುಕೊಳ್ಳಬೇಕು ಎಂದಾಗ ಸಾಕಣೆದಾರರು ಒಪ್ಪುವುದು ಕಷ್ಟ, ಆದರೆ ಅದು ಏಕೆ ಬೇಕೆಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು.

ಔಷಧ ಕೊಟ್ಟ ಗುಂಪಿನ ಸರಾಸರಿ ಮೊದಲು 1,400 ಇದ್ದು ನಂತರ 420 ಆಯಿತೆಂದು ಇಟ್ಟುಕೊಳ್ಳಿ. ಇಳಿಕೆ ಶೇಕಡ 70. ಈಗ ಅದೇ ಅವಧಿಯಲ್ಲಿ ಔಷಧ ಕೊಡದ ಗುಂಪು 1,400ರಿಂದ 700ಕ್ಕೆ ತಾನಾಗಿಯೇ ಇಳಿದಿದ್ದರೆ, 420ನ್ನು 700ಕ್ಕೆ ಹೋಲಿಸಬೇಕಾಗುತ್ತದೆ, ಆಗ ಔಷಧದ ನಿಜವಾದ ಫಲ ಶೇಕಡ 40 ಮಾತ್ರ. ಮಳೆ ನಿಂತು ಮೇವು ಒಣಗುವ ಕಾಲದಲ್ಲಿ, ಅಥವಾ ಈದ ಕುರಿಗಳಲ್ಲಿ ಮೊಟ್ಟೆಯ ಎಣಿಕೆ ಏರಿ ಇಳಿಯುವ ಕಾಲದಲ್ಲಿ ಇಂತಹ ಏರಿಳಿತ ಅಪರೂಪವಲ್ಲ. 1992ರಲ್ಲಿ ಪಶು ಪರೋಪಜೀವಿ ತಜ್ಞರ ವಿಶ್ವಸಂಘ ಪ್ರಕಟಿಸಿದ ಮಾರ್ಗಸೂಚಿಯಂತೆ ಇಳಿಕೆ ಶೇಕಡ 95ಕ್ಕಿಂತ ಕಡಿಮೆಯಿದ್ದು, ಶೇಕಡ 95ರ ವಿಶ್ವಾಸ ಮಿತಿಯ (ನಿಜವಾದ ಇಳಿಕೆ ಇರಬಹುದಾದ ವ್ಯಾಪ್ತಿಯ ಅಂದಾಜು) ಕೆಳಗಿನ ಅಂಚು 90ಕ್ಕಿಂತ ಕೆಳಗಿದ್ದರೆ ಪ್ರತಿರೋಧವಿದೆ. ಎರಡರಲ್ಲಿ ಒಂದೇ ಪೂರೈಸಿದರೆ ಅನುಮಾನ. 2023ರ ಪರಿಷ್ಕೃತ ಮಾರ್ಗಸೂಚಿ ಅದೇ ಪ್ರಾಣಿಗಳ ಮೊದಲಿನ ಮತ್ತು ನಂತರದ ಎಣಿಕೆಯನ್ನು ಹೋಲಿಸಲು ಒತ್ತು ಕೊಡುತ್ತದೆ, ಮತ್ತು ಗುಣಿಸಿದ ಅಂಕಿಗಿಂತ ಸೂಕ್ಷ್ಮದರ್ಶಕದ ಕೆಳಗೆ ನಿಜವಾಗಿ ಕಂಡ ಮೊಟ್ಟೆಗಳ ಸಂಖ್ಯೆಗೆ ಬೆಲೆ ಕೊಡುತ್ತದೆ. ಅದು ನ್ಯಾಯವೇ: ಗ್ರಾಂಗೆ 100 ಎಂಬುದು ಗಾಜಿನ ಮೇಲೆ ಎರಡೇ ಮೊಟ್ಟೆ, ಎರಡು ಮೊಟ್ಟೆಯಿಂದ ಶೇಕಡಾವಾರು ತೆಗೆಯುವುದು ಲೆಕ್ಕವಲ್ಲ.

ಸರಾಸರಿಯನ್ನಷ್ಟೇ ನೋಡದೆ ಒಂದೊಂದು ಪ್ರಾಣಿಯ ಅಂಕಿಯನ್ನೂ ಸಾಲಾಗಿ ಬರೆದು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ದೋಷದ ಗುರುತು ಆ ಸಾಲಿನಲ್ಲೇ ಇರುತ್ತದೆ. ಹನ್ನೆರಡರಲ್ಲಿ ಹತ್ತು ಸೊನ್ನೆಯಾಗಿ ಎರಡು ಮಾತ್ರ ಮೊದಲಿನಷ್ಟೇ ಉಳಿದಿದ್ದರೆ, ಆ ಎರಡು ಔಷಧವನ್ನು ಉಗಿದಿವೆ ಅಥವಾ ಕುಡಿಸುವಾಗ ತಪ್ಪಿಹೋಗಿವೆ. ಭಾರದ ಕುರಿಗಳಲ್ಲಿ ಮಾತ್ರ ಮೊಟ್ಟೆ ಉಳಿದಿದ್ದರೆ ತೂಕದ ಅಂದಾಜು ತಪ್ಪಿದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಪಾಲು ಉಳಿದಿದ್ದು, ಪ್ರಮಾಣ ಸರಿಯಿತ್ತೆಂಬುದು ನಿಮ್ಮ ಕೈಯಿಂದಲೇ ಖಚಿತವಾಗಿದ್ದರೆ, ಪ್ರತಿರೋಧವೆಂದು ಬರೆಯಲು ಅಳುಕಬೇಕಾಗಿಲ್ಲ.

ಯಾವ ಹುಳು ಉಳಿಯಿತೆಂಬುದು ಇನ್ನೊಂದು ಪ್ರಶ್ನೆ. ಹೀಮಾಂಕಸ್, ಟ್ರೈಕೊಸ್ಟ್ರಾಂಜೈಲಸ್, ಈಸೊಫಾಗೊಸ್ಟೋಮಮ್ ಎಂಬ ದುಂಡು ಹುಳುಗಳ ಮೊಟ್ಟೆಗಳು ನೋಡಲು ಒಂದೇ. ಹಿಕ್ಕೆಯನ್ನು 25ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ತೇವದಲ್ಲಿಟ್ಟು ಬೆಳೆಸಿದ ಮರಿಹುಳುಗಳ ಬಾಲದ ಕವಚವನ್ನು ನೋಡಿ ಅವನ್ನು ಬೇರ್ಪಡಿಸುತ್ತಾರೆ: ಟ್ರೈಕೊಸ್ಟ್ರಾಂಜೈಲಸ್‌ಗೆ ಗಿಡ್ಡ ಬಾಲ, ಈಸೊಫಾಗೊಸ್ಟೋಮಮ್‌ಗೆ ಎಳೆಯಂತಹ ಉದ್ದ ಬಾಲ, ಹೀಮಾಂಕಸ್‌ನದು ನಡುವಿನ ಅಳತೆಯದು, ತುದಿ ಕೊಂಚ ಕೊಂಕಿರುತ್ತದೆ. ಬೆಂಜಿಮಿಡಜೋಲ್ ಪ್ರತಿರೋಧಕ್ಕೆ ಮೊಟ್ಟೆ ಒಡೆಯುವ ಪರೀಕ್ಷೆಯೂ ಇದೆ. ಥಯಾಬೆಂಡಜೋಲ್ ಮಿಲಿಲೀಟರಿಗೆ 0.1 ಮೈಕ್ರೋಗ್ರಾಂ ಇರುವ ನೀರಿನಲ್ಲೂ ಅರ್ಧಕ್ಕಿಂತ ಹೆಚ್ಚು ಮೊಟ್ಟೆ ಒಡೆದರೆ ಅದು ಪ್ರತಿರೋಧದ ಲಕ್ಷಣ. ಹಳಸಿದ ಮಾದರಿಯಲ್ಲಿ ಭ್ರೂಣ ಬೆಳೆದುಬಿಟ್ಟಿದ್ದರೆ ಔಷಧ ತಾಗದೆ ಎಲ್ಲವೂ ಪ್ರತಿರೋಧವೆಂದೇ ಕಾಣುತ್ತದೆ. ಅಣುಮಟ್ಟದಲ್ಲಿ ಹೇಳುವುದಾದರೆ ಬೀಟಾ ಟ್ಯೂಬ್ಯುಲಿನ್ ಪ್ರೋಟೀನಿನ 200ನೆಯ ಸ್ಥಾನದಲ್ಲಿ ಫಿನೈಲಲನಿನ್ ಬದಲು ಟೈರೋಸಿನ್ ಬಂದಿರುವುದೇ ಹೆಚ್ಚು ಕಂಡುಬರುವ ಬದಲಾವಣೆ. 167 ಮತ್ತು 198ನೆಯ ಸ್ಥಾನಗಳಲ್ಲೂ ಇದೆ. ಇದು ಹೊಸ ಸಂಗತಿಯೇನಲ್ಲ. ಥಯಾಬೆಂಡಜೋಲ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ, ಅದಕ್ಕೆ ಬಗ್ಗದ ಹೀಮಾಂಕಸ್ ವರದಿಯಾದದ್ದು 1964ರಲ್ಲಿ, ಭಾರತದ ಕುರಿಗಳಲ್ಲಿ ಅದೇ ಮಾತು ಅಚ್ಚಾದದ್ದು 1976ರಲ್ಲಿ.

ಮನುಷ್ಯರ ಮಾದರಿಯಲ್ಲೂ ಇದೇ ಬಗೆಯ ದೋಷ

ಫೆಬ್ರವರಿಯ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಮಾತ್ರೆಯೂ ಆಲ್ಬೆಂಡಜೋಲೇ. ಅಲ್ಲಿಯೂ ಫಲವನ್ನು ಅಳೆಯುವುದು ಮೊಟ್ಟೆಯ ಎಣಿಕೆಯಿಂದಲೇ ಆದ್ದರಿಂದ ಪರಿಶೀಲನೆಯ ಕ್ರಮ ಬಹುಮಟ್ಟಿಗೆ ಒಂದೇ, ತಪ್ಪುವ ಜಾಗಗಳು ಮಾತ್ರ ಬೇರೆ. ಚಾಟಿಹುಳು ಟ್ರೈಚುರಿಸ್‌ನ ಮೇಲೆ ಒಂದೇ ಮಾತ್ರೆಯ ಆಲ್ಬೆಂಡಜೋಲ್ ಮೊದಲಿನಿಂದಲೂ ದುರ್ಬಲ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರ ದುಂಡುಹುಳು ಆಸ್ಕಾರಿಸ್‌ಗೆ ಶೇಕಡ 95, ಕೊಕ್ಕೆಹುಳುವಿಗೆ 90ರ ಇಳಿಕೆಯನ್ನು ಅಪೇಕ್ಷಿಸಿದರೆ ಚಾಟಿಹುಳುವಿಗೆ 50ನ್ನಷ್ಟೇ ಕೇಳುತ್ತದೆ. ಅಲ್ಲಿ 55 ಬಂದದ್ದನ್ನು ಪ್ರತಿರೋಧವೆಂದು ಓದಬಾರದು. ಇನ್ನು ಕಾಟೋ ಕಾಟ್ಜ್ ವಿಧಾನದಲ್ಲಿ 41.7 ಮಿಲಿಗ್ರಾಂ ಮಲವನ್ನು ಗ್ಲಿಸರಿನ್ ನೆನೆದ ಸೆಲೋಫೇನಿನ ಕೆಳಗೆ ಒತ್ತಿ, ಕಂಡ ಮೊಟ್ಟೆಗಳನ್ನು 24ರಿಂದ ಗುಣಿಸುತ್ತಾರೆ. ಕೊಕ್ಕೆಹುಳುವಿನ ತೆಳುಗೋಡೆಯ ಮೊಟ್ಟೆ ಅದರಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪಾರದರ್ಶಕವಾಗಿ ಕಣ್ಣಿಗೆ ಕಾಣದಂತಾಗುತ್ತದೆ. ಬೆಳಿಗ್ಗೆ ತಯಾರಿಸಿದ ಗಾಜುಗಳನ್ನು ಊಟವಾದ ಮೇಲೆ ಓದಿದರೆ ಒಂದಿಡೀ ಹಳ್ಳಿ ಗುಣವಾದಂತೆ ಕಾಣಬಹುದು. ಔಷಧ ಸೋತಿದೆಯೆಂಬ ದೂರಿಗೆ ಎಲ್ಲರೂ ಕಿವಿಗೊಡುತ್ತಾರೆ. ಗೆದ್ದಿದೆಯೆಂಬ ವರದಿಯನ್ನು ಯಾರೂ ತಿರುಗಿ ನೋಡುವುದಿಲ್ಲ, ಹಾಗಾಗಿ ಈ ಎರಡನೆಯ ಬಗೆಯ ದೋಷ ಹೆಚ್ಚು ಕಾಲ ಬದುಕುತ್ತದೆ.

ಪ್ರತಿರೋಧ ಖಚಿತವಾದ ಹಿಂಡಿನಲ್ಲಿ

ಸೋತ ಗುಂಪಿನ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟು ನೋಡುವುದು ಮೊದಲು ನಿಲ್ಲಬೇಕು. ಪರೀಕ್ಷೆಯಲ್ಲಿ ಇನ್ನೂ ಕೆಲಸ ಮಾಡುತ್ತಿದೆಯೆಂದು ಕಂಡ ಗುಂಪಿನ ಔಷಧಕ್ಕೆ ಬದಲಾಯಿಸಿ, ಅದನ್ನು ಎಲ್ಲ ಕುರಿಗಳಿಗೂ ತಿಂಗಳಿಗೊಮ್ಮೆ ಸುರಿಯದೆ, ಬೇಕಾದವಕ್ಕೆ ಮಾತ್ರ ಕೊಡಬೇಕು. ಬೇಕಾದವು ಯಾವುವೆಂದು ತಿಳಿಯಲು ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ ಫಮಾಚಾ ಬಣ್ಣದ ಚೀಟಿ ಉಪಯುಕ್ತ. ಕೆಳರೆಪ್ಪೆಯನ್ನು ಎಳೆದು ಒಳಪೊರೆಯ ಬಣ್ಣವನ್ನು ಐದು ಮಟ್ಟಗಳೊಂದಿಗೆ ಹೋಲಿಸಿ, ಬಿಳಿಚಿದ ನಾಲ್ಕು ಮತ್ತು ಐದನೆಯ ಮಟ್ಟದವಕ್ಕೆ ಕಡ್ಡಾಯವಾಗಿ, ಸೊರಗಿದ ಹಿಂಡಿನಲ್ಲಿ ಮೂರನೆಯ ಮಟ್ಟದವಕ್ಕೂ ಔಷಧ ಕೊಡುತ್ತಾರೆ. ರಕ್ತ ಹೀರುವ ಹುಳುವಿಗೆ ಮಾತ್ರ ಈ ಚೀಟಿ ಹೊಂದುತ್ತದೆ ಎಂಬುದನ್ನು ಮರೆಯಬಾರದು. ಔಷಧ ಬೀಳದ ಕೆಂಪು ಕಣ್ಣಿನ ಕುರಿಗಳಲ್ಲಿ ಉಳಿಯುವ ಹುಳುಗಳು ಔಷಧಕ್ಕೆ ಇನ್ನೂ ಬಗ್ಗುವಂಥವು. ಅವುಗಳ ಮೊಟ್ಟೆ ಹುಲ್ಲುಗಾವಲಿನಲ್ಲಿ ಬೆರೆತಷ್ಟೂ ಪ್ರತಿರೋಧಿಗಳ ಪಾಲು ತೆಳುವಾಗುತ್ತದೆ. ಎಲ್ಲಕ್ಕೂ ಕುಡಿಸಿ ಕೂಡಲೇ ಹೊಸ ಹುಲ್ಲಿಗೆ ಹೊಡೆಯುವ ಹಳೆಯ ಸಲಹೆ, ಬದುಕುಳಿದ ಪ್ರತಿರೋಧಿ ಹುಳುಗಳಿಗೆ ಆ ಹುಲ್ಲುಗಾವಲನ್ನು ಬರೆದುಕೊಟ್ಟಂತಾಗುತ್ತದೆ.

ಪ್ರತಿರೋಧ ಹಿಂಡಿನೊಳಗೆ ಹುಟ್ಟುವುದಕ್ಕಿಂತ ಸಂತೆಯಿಂದ ಬರುವುದೇ ಸುಲಭದ ದಾರಿ. ಕೊಂಡು ತಂದ ಟಗರಿಗೆ ಮತ್ತು ಮರಿಗಳಿಗೆ ಎರಡು ಬೇರೆ ಗುಂಪುಗಳ ಔಷಧವನ್ನು ತೂಕ ನೋಡಿ ಒಂದರ ನಂತರ ಒಂದರಂತೆ ಕುಡಿಸಿ, ಎರಡು ದಿನ ದೊಡ್ಡಿಯಲ್ಲೇ ಕಟ್ಟಿ ಮೇಯಿಸಿ, ಆ ದಿನಗಳ ಹಿಕ್ಕೆಯನ್ನು ಗುಡಿಸಿ ತಿಪ್ಪೆಯಲ್ಲಿ ಹೂಳಬೇಕು. ಆಮೇಲೆಯೂ ಅವನ್ನು ಬೇರೆಯಾಗಿಯೇ ಇಟ್ಟು, ಹದಿನಾಲ್ಕನೆಯ ದಿನದ ಎಣಿಕೆಯಲ್ಲಿ ಮೊಟ್ಟೆ ಕಾಣದಿದ್ದರೆ ಮಾತ್ರ ಹಿಂಡಿಗೆ ಬಿಡಬಹುದು. ಕಂಡರೆ ಯಾವ ಸಂತೆಯ ಯಾವ ದಿನದ ಖರೀದಿಯೆಂಬುದನ್ನು ಬರೆದಿಟ್ಟು, ಮೂರನೆಯ ಗುಂಪಿನ ಔಷಧದಿಂದ ಮೊದಲ ಹಂತಕ್ಕೇ ಹಿಂತಿರುಗಬೇಕು.